ಕೊಸರು ಕೇಳುವವರಿಲ್ಲದ ಊರು

ಮಲೆನಾಡಿನ ಕಳಸ ಎಂಬ ಊರಿನ ಮೇಲೆ ದ್ಯಾವಮ್ಮನಿಗಿದ್ದ ದೂರು ಒಂದೇ. ಈ ಊರಿನಲ್ಲಿ ಹೂವನ್ನು ಯಾರೂ ಕೊಳ್ಳುವುದಿಲ್ಲ. ಚಳಿ, ಮಂಜು, ಮೊಣಕಾಲು ಮುರಿಯುವ ಏರು, ಎಲ್ಲವನ್ನೂ ಅವಳು ಹೇಗೋ ನುಂಗಿಕೊಂಡಾಳು. ಆದರೆ ಮನೆಮನೆಯ ಅಂಗಳದಲ್ಲೂ ಸೇವಂತಿಗೆ, ಡೇಲಿಯ, ದಾಸವಾಳ ಕೇಳುವವರಿಲ್ಲದೆ ಅರಳಿ ಉದುರುವ ಊರಿನಲ್ಲಿ, ಬೇಲಿಯಿಂದ ಒಂದು ಹೂ ಚಿವುಟಿ ಮುಡಿಗೆ ಸಿಕ್ಕಿಸಿಕೊಂಡು ಹೆಂಗಸರು ಬಸ್ಸು ಹತ್ತುವ ಊರಿನಲ್ಲಿ, ಹೂವಾಡಗಿತ್ತಿಗೆ ಏನು ಕೆಲಸ? ದೇವಸ್ಥಾನದ ಬಳಿ ಒಂದಿಬ್ಬರು ಹೂ ಮಾರುವವರಿದ್ದರು, ನಿಜ. ಅವರ ಪಕ್ಕದಲ್ಲಿ ಹೋಗಿ ಬುಟ್ಟಿ ಇಟ್ಟು ಅವರ ಹೊಟ್ಟೆಯ ಮೇಲೆ ಹೊಡೆಯುವಷ್ಟು ನಾಚಿಕೆಗೆಟ್ಟವಳಲ್ಲ ಅವಳು.

ಬೆಂಗಳೂರಿನ ಅಂಚಿನ ಚಿಕ್ಕಬಾಣಾವರದಲ್ಲಿ, ಗಣಪತಿ ಗುಡಿಯ ಮುಂದಿನ ಹೊಂಗೆ ಮರದ ಕೆಳಗೆ ಅವಳ ಬುಟ್ಟಿ ಇತ್ತು. ಮಗ ಯೋಗೇಶ ಅಂಬೆಗಾಲಿಡುವಾಗ ಗಂಡ ತೀರಿಕೊಂಡ. ಅಂದಿನಿಂದ ಅವಳು ಹೂ ಮುಡಿಯುವುದನ್ನು ಬಿಟ್ಟು ಹೂ ಕಟ್ಟುವುದನ್ನು ಹಿಡಿದಳು. ಅದೇ ಬುಟ್ಟಿ ಮಗನನ್ನು ಓದಿಸಿತು, ಮದುವೆ ಮಾಡಿಸಿತು. ಬಡಾವಣೆಯ ಹೆಂಗಸರೆಲ್ಲ ಅವಳ ಗಿರಾಕಿಗಳು, ಎಲ್ಲರೂ ಜಗಳಗಂಟಿಯರು. ಮೊಣಕೈಯಿಂದ ಬೆರಳತುದಿಯವರೆಗೆ ಅಳೆದು ಒಂದು ಮೊಳ ಕತ್ತರಿಸಿದರೆ, "ನಿನ್ ಮೊಳ ದಿನದಿನಕ್ಕೆ ಗಿಡ್ಡ ಆಯ್ತದೆ ಕಣಜ್ಜಿ, ಕೊಸರು ಹಾಕು" ಎಂದು ಕೈ ಚಾಚುತ್ತಿದ್ದರು. ಕೊಸರೆಂದರೆ ಅಳತೆ ಮುಗಿದ ಮೇಲೆ ಪುಕ್ಕಟೆ ಸೇರಿಸುವ ನಾಲ್ಕು ಬೆರಳಿನಷ್ಟು ಹೂವು. ಬೈದುಕೊಂಡೇ ಹಾಕುತ್ತಿದ್ದಳು. ಹಾಕದಿದ್ದರೆ ಅವಳಿಗೇ ಮನಸ್ಸು ತಡೆಯುತ್ತಿರಲಿಲ್ಲ.

ಊರು ಬಿಡುವ ಮಾತು ಬಂದದ್ದು ಮೊಮ್ಮಗಳು ಇಂಚರಳ ಎದೆಯಿಂದ. ಬಡಾವಣೆಯ ಸುತ್ತ ರಸ್ತೆ ಅಗೆದರು, ಮಹಡಿ ಮೇಲೆ ಮಹಡಿ ಎದ್ದಿತು, ಧೂಳಿಗೆ ಮಗು ಉಸಿರೆಳೆದಾಗಲೆಲ್ಲ ಶಿಳ್ಳೆ ಹೊಡೆದಂತೆ ಕೇಳಿಸತೊಡಗಿತು. ಯೋಗೇಶ ಬಾಡಿಗೆ ಕಾರು ಓಡಿಸುತ್ತಿದ್ದ. ಅವನ ಗೆಳೆಯನೊಬ್ಬನದು ಕಳಸದಿಂದ ಹೊರನಾಡಿಗೆ ಜನರನ್ನು ಸಾಗಿಸುವ ಜೀಪು. ಅವನಿಗೆ ಬೆನ್ನುನೋವು, ಇವನಿಗೆ ಮಗುವಿನ ನೋವು. ಜೀಪನ್ನು ನೀನು ನಡೆಸು ಎಂದು ಅವನು ಕರೆದ. ಸೊಸೆ ರೂಪಶ್ರೀ ಹೊಲಿಗೆಯವಳು. ಮಿಷನ್ ಇಟ್ಟಲ್ಲಿ ಅವಳ ಊರು.

"ಅತ್ತೆ, ನೀವೇನಂತೀರ?" ಎಂದು ರೂಪಶ್ರೀ ಒಂದು ಭಾನುವಾರ ಊಟಕ್ಕೆ ಬಡಿಸುತ್ತ ಕೇಳಿದಳು.

ಜನ ಕೆಟ್ಟು ಪಟ್ಟಣ ಸೇರುತ್ತಾರೆ, ಇವರು ನೆಟ್ಟಗಿರುವಾಗಲೇ ಪಟ್ಟಣ ಬಿಡುತ್ತಿದ್ದಾರಲ್ಲ ಎಂದು ದ್ಯಾವಮ್ಮನ ನಾಲಿಗೆಯ ತುದಿಯವರೆಗೆ ಬಂತು. ಅಷ್ಟರಲ್ಲಿ ಒಳಗೆ ಮಲಗಿದ್ದ ಮಗು ಉಸಿರೆಳೆಯಿತು. "ನಡೀರಪ್ಪ" ಎಂದಳು. ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಹೋಯಿತು ಅನ್ನುತ್ತಾರೆ. ಹೋಗಲು ಇಷ್ಟವಿದೆಯೇ ಎಂದು ನಾರನ್ನು ಯಾರು ಕೇಳಿದ್ದಾರೆ?

ಗುಡಿಯ ಮುಂದೆ ಎಳನೀರು ಮಾರುವ ನಿಂಗಯ್ಯನಿಗೆ ಮಾತ್ರ ಅವಳ ಮನಸ್ಸು ಗೊತ್ತಾಯಿತು. "ಯುಗಾದಿ ಗಂಟ ನಿನ್ ಜಾಗ ಹಿಡಿದಿರ್ತೀನಿ ಅಕ್ಕ. ಒಗ್ಗಲಿಲ್ಲ ಅಂದ್ರೆ ಬಂದ್ಬುಡು. ನಮ್ಮ ಹಿತ್ತಿಲ ಕೋಣೆ ಖಾಲಿ ಐತೆ" ಎಂದ. ಆ ಮಾತನ್ನು ದ್ಯಾವಮ್ಮ ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡೇ ಘಟ್ಟದ ಬಸ್ಸು ಹತ್ತಿದಳು.

ದೀಪಾವಳಿ ಕಳೆದ ಮೇಲೆ ಬಂದವರು ಚಳಿಗಾಲ ಮುಗಿಯುವುದರೊಳಗೆ ಊರಿನವರಾದರು. ಯೋಗೇಶನನ್ನು ಬಸ್‌ಸ್ಟ್ಯಾಂಡಿನಲ್ಲಿ ಎಲ್ಲರೂ 'ಮಾರಾಯ' ಎನ್ನತೊಡಗಿದರು. ರೂಪಶ್ರೀಯ ಮಿಷನ್ನಿನ ಮುಂದೆ ರವಿಕೆ ಬಟ್ಟೆಯ ರಾಶಿ ಬಿತ್ತು. ಇಂಚರ ಗುಡ್ಡ ಹತ್ತಿ ಓಡುತ್ತಾಳೆ, ಎದೆಯ ಶಿಳ್ಳೆ ನಿಂತಿದೆ. ಅದನ್ನು ಕಂಡರೆ ದ್ಯಾವಮ್ಮನಿಗೆ ಸಂತೋಷ, ಆ ಸಂತೋಷದ ಬೆನ್ನಿಗೇ ಸಂಕಟ. ಇವರಂತೂ ಇನ್ನು ತಿರುಗಿ ಹೋಗುವವರಲ್ಲ. ಹೋಗುವುದಾದರೆ ತಾನೊಬ್ಬಳೇ ಹೋಗಬೇಕು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಅವಳ ಬೆರಳುಗಳು ಸುಮ್ಮನಿರುತ್ತಿರಲಿಲ್ಲ. ಅಲ್ಲಿ ಈಗ ಕನಕಾಂಬರಕ್ಕೆ ನೀರು ಚಿಮುಕಿಸುವ ಹೊತ್ತು, ಕೆಲಸದಿಂದ ಬರುವ ಹೆಂಗಸರು ಜಗಳಕ್ಕೆ ನಿಲ್ಲುವ ಹೊತ್ತು. ಇಲ್ಲಿ ಅವಳ ಹೆಸರು ಹಿಡಿದು ಕೂಗುವವರೇ ಇಲ್ಲ. ಎಲ್ಲರಿಗೂ ಅವಳು ಯೋಗೇಶನ ಅಮ್ಮ. ಆ ಜಗಳಗಂಟಿಯರಲ್ಲಿ ಒಬ್ಬಳಾದರೂ ಬಂದು ಬೈಯಬಾರದೇ ಎಂದು ಅವಳಿಗೆ ಅಳು ಬರುತ್ತಿತ್ತು.

ಅವರ ಬಾಡಿಗೆ ಮನೆ ಜಯದೇವಪ್ಪ ಎಂಬ ಸಣ್ಣ ಬೆಳೆಗಾರರದು. ಹಿತ್ತಿಲ ಬೇಲಿ ದಾಟಿದರೆ ಅವರ ಕಾಫಿ ತೋಟ. ಅವರ ಹೆಂಡತಿ ತಂಗಮ್ಮ ಬಿಗುಮಾನದ ಹೆಂಗಸು, ಎದುರಾದರೆ "ಆಸರಿ ಆಯ್ತಾ?" ಎಂದು ಕಾಫಿ ಕುಡಿದದ್ದನ್ನು ವಿಚಾರಿಸಿ ಉತ್ತರಕ್ಕೆ ಕಾಯದೆ ನಡೆದುಬಿಡುವವರು.

ಯುಗಾದಿ ಹತ್ತಿರವಾದಾಗ ಒಂದು ಹದವಾದ ಮಳೆ ಬಿತ್ತು. ಊರಿನ ಗಂಡಸರೆಲ್ಲ ಮಗ ಹುಟ್ಟಿದವರಂತೆ ಹಲ್ಲು ಬಿಟ್ಟುಕೊಂಡು ತಿರುಗಿದರು. ದ್ಯಾವಮ್ಮನಿಗೆ ಕಾರಣ ತಿಳಿಯಲಿಲ್ಲ. ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಎದ್ದರೆ ಮನೆಯ ತುಂಬ ಮಲ್ಲಿಗೆಯ ಘಮ. ಕನಸೆಂದುಕೊಂಡಳು. ಹಿತ್ತಿಲ ಬಾಗಿಲು ತೆಗೆದು ನೋಡಿದರೆ ತೋಟಕ್ಕೆ ತೋಟವೇ ಬೆಳ್ಳಗೆ ಅರಳಿ ನಿಂತಿದೆ, ರೆಂಬೆಯ ಉದ್ದಕ್ಕೂ ಗೊಂಚಲು ಗೊಂಚಲು. ಅವಳಿಗೆ ಮೈಮೇಲೆ ಎಚ್ಚರ ಉಳಿಯಲಿಲ್ಲ. ಇಷ್ಟೊಂದು ಹೂ, ಯಾರೂ ಕೀಳುತ್ತಿಲ್ಲ, ಬಾಡಿಹೋದರೆ ಯಾರಿಗೆ ಲಾಭ? ಬೇಲಿ ನುಸುಳಿ ಮಡಿಲು ತುಂಬ ಕಿತ್ತು ತಂದಳು. ಬಾಳೆನಾರು ನೆನೆಸಿ ಕಟ್ಟಲು ಕುಳಿತಳು. ತೊಟ್ಟು ಗಿಡ್ಡ, ಬೆರಳಿಗೆ ಸಿಗುವುದಿಲ್ಲ. ಆದರೂ ಕಟ್ಟಿದಳು. ತಿಂಗಳುಗಳಿಂದ ಬಿಗಿದುಕೊಂಡಿದ್ದ ಅವಳ ಎದೆ ಆ ಗಂಟುಗಳ ಜೊತೆ ಒಂದೊಂದಾಗಿ ಸಡಿಲವಾಯಿತು.

ಎರಡು ಮೊಳ ಮುಗಿದಿತ್ತು. ಬೇಲಿಯಾಚೆಯಿಂದ ತಂಗಮ್ಮ ನೋಡಿದರು.

"ಅಯ್ಯೋ, ಎಂತ ಮಾಡಿಬಿಟ್ರಿ ಮಾರಾಯ್ತಿ! ಕಾಫಿ ಹೂ ಕಿತ್ರಾ? ಹೂ ಬಿಟ್ಟಾಗ ನಾವು ತೋಟದೊಳಗೆ ಕಾಲೇ ಇಡೋದಿಲ್ಲ, ಗೊತ್ತುಂಟಾ? ಒಂದೊಂದು ಹೂವೂ ಒಂದೊಂದು ಹಣ್ಣು. ನಿಮ್ಮ ಮಡಿಲಲ್ಲಿ ಇರೋದು ಹೂವಲ್ಲ, ನಮ್ಮ ಬೆಳೆ!"

ದ್ಯಾವಮ್ಮ ಮಡಿಲನ್ನು ಎರಡೂ ಕೈಯಿಂದ ಮುಚ್ಚಿಕೊಂಡಳು. ಯೋಗೇಶ ಓಡಿ ಬಂದು ಕೈ ಮುಗಿದ. "ಗೊತ್ತಿಲ್ದೆ ಮಾಡವ್ರೆ ಅಮ್ಮಾವ್ರೇ, ತಪ್ಪಾಯ್ತು" ಎಂದ. ತಂಗಮ್ಮ ತಿರುಗಿ ನಡೆದರು. ಮಗ ತಾಯಿಯನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಜೀವಮಾನವಿಡೀ ಒಂದು ಎಸಳನ್ನೂ ಪುಕ್ಕಟೆ ಮುಟ್ಟದವಳು ಈ ಊರಿನಲ್ಲಿ ಹೂಗಳ್ಳಿಯಾದಳು. ಇನ್ನೇನು ಉಳಿದಿದೆ? ದ್ಯಾವಮ್ಮ ಬಟ್ಟೆಗಳನ್ನು ಚೀಲಕ್ಕೆ ತುರುಕಿದಳು. ನಾಳೆ ಬೆಳಗಿನ ಬೆಂಗಳೂರು ಬಸ್ಸಿಗೆ ಹೋಗುವುದೆಂದು ಸೊಸೆಗೆ ಹೇಳಿದಳು. ರೂಪಶ್ರೀ ಮಿಷನ್ ನಿಲ್ಲಿಸಿ, "ನಿಮ್ಮ ಕೈಯಿಲ್ದೆ ಮಗು ಊಟ ಮಾಡಲ್ಲ ಅತ್ತೆ" ಎಂದಳು. ಅದು ನಿಜವೇ. ಹಾಗೆಂದು ಚೀಲ ಬಿಚ್ಚಲಿಲ್ಲ. ಕಟ್ಟಿದ ಹೂವನ್ನು ಎಸೆಯಲು ಮಾತ್ರ ಕೈ ಬರಲಿಲ್ಲ. ನೀರು ಚಿಮುಕಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ, ಬುಟ್ಟಿಯಲ್ಲಿಟ್ಟು ಮುಚ್ಚಿದಳು.

ಸಂಜೆ ಹಿತ್ತಿಲ ಬಾಗಿಲಲ್ಲಿ ತಂಗಮ್ಮ ಒಬ್ಬರೇ ಬಂದು ನಿಂತರು.

"ಆ ಹೂ ಎಲ್ಲಿ? ಎಸೆದ್ರಾ?"

ಊರಿಗೆಲ್ಲ ತೋರಿಸಲು ಕೇಳುತ್ತಿದ್ದಾರೆಂದು ದ್ಯಾವಮ್ಮ ಅಂದುಕೊಂಡಳು. ಬುಟ್ಟಿ ತಂದು ಬಟ್ಟೆ ಬಿಡಿಸಿದಳು. ಘಮ ಎದ್ದು ಬಂತು. ತಂಗಮ್ಮ ಮೆಟ್ಟಿಲ ಮೇಲೆ ಕುಳಿತುಬಿಟ್ಟರು.

"ನಾನು ಚಿಕ್ಕಮಗಳೂರು ಪೇಟೆಯವಳು. ದಿನಾ ಸಂಜೆ ಮಾರ್ಕೆಟ್ಟಿಗೆ ಹೋಗಿ ಮಲ್ಲಿಗೆ ತಂದು ಮುಡೀತಿದ್ದೆ. ಮದುವೆ ಆಗಿ ಬಂದ ವರ್ಷ ಇದೇ ಹೂ ನೋಡಿ ಒಂದು ಗೊಂಚಲಿಗೆ ಕೈ ಹಾಕಿದೆ. ನಮ್ಮತ್ತೆ ಕೈಮೇಲೆ ಬಾರಿಸಿದ್ರು. ಆವತ್ತಿಂದ ಪ್ರತಿ ವರ್ಷ ವಾಸನೆ ಮಾತ್ರ. ಬೆಳಿಗ್ಗೆ ನಿಮಗೆ ಬೈದೆನಲ್ಲ, ಅದು ನಮ್ಮತ್ತೆ ಮಾತು. ನನ್ನ ಬಾಯಲ್ಲಿ ಬಂತು."

ದ್ಯಾವಮ್ಮ ಬುಟ್ಟಿಯನ್ನು ಅವರ ಪಕ್ಕಕ್ಕೆ ಸರಿಸಿದಳು.

"ಹೆಂಗೂ ಕಿತ್ತಾಗಿದೆ" ಎಂದರು ತಂಗಮ್ಮ. "ಗಿಡಕ್ಕೆ ಮತ್ತೆ ಅಂಟಿಸೋಕೆ ಬರೋದಿಲ್ಲ. ಒಂದು ಮೊಳ ಕೊಡಿ." ಬೆನ್ನು ತಿರುಗಿಸಿ ಕುಳಿತು, ನರೆತ ತುರುಬನ್ನು ಕೈಯಿಂದ ಸರಿಮಾಡಿಕೊಂಡರು.

ದ್ಯಾವಮ್ಮ ಮೊಣಕೈಗೆ ಹಿಡಿದು ಅಳೆದಳು. ಕತ್ತರಿಸಿ ಮುಡಿಗೆ ಸಿಕ್ಕಿಸಿದಳು. ತಂಗಮ್ಮ ಹಿಂದಕ್ಕೆ ಕೈಯಾಡಿಸಿ ಹೂವಿನ ಉದ್ದ ಮುಟ್ಟಿ ನೋಡಿಕೊಂಡರು.

"ಇಷ್ಟೇನಾ? ಕೊಸರು ಹಾಕೋದಿಲ್ವಾ ಮಾರಾಯ್ತಿ?"

ಮಾರನೆಯ ಬೆಳಿಗ್ಗೆ ಬೆಂಗಳೂರಿನ ಬಸ್ಸು ತನ್ನ ಹೊತ್ತಿಗೆ ಹೋಯಿತು. ಚೀಲ ಗೋಡೆಗೆ ಒರಗಿಯೇ ಇತ್ತು. ದ್ಯಾವಮ್ಮ ಸೊಸೆಯ ಫೋನಿನಿಂದ ನಿಂಗಯ್ಯನನ್ನು ಕರೆದಳು. ಆ ಕಡೆಯಿಂದ ಗುಡಿಯ ಗಂಟೆ ಕೇಳಿಸಿತು, ಎಳನೀರು ಕೊಚ್ಚುವ ಮಚ್ಚಿನ ಸದ್ದು, ಯಾರೋ ಹೆಂಗಸು ಚೌಕಾಸಿ ಮಾಡುವ ದನಿ. ಅವಳ ಕಣ್ಣು ತುಂಬಿತು. ಆ ಸದ್ದನ್ನು ಅವಳು ಸಾಯುವತನಕ ಮರೆಯಲಾರಳು.

"ಜಾಗ ಯಾರಿಗಾನಾ ಬಿಟ್ಕೊಟ್ಬುಡು ನಿಂಗಯ್ಯ."

"ಯಾಕಕ್ಕ? ಅಲ್ಲೂ ಯಾಪಾರ ಹತ್ಕೊಂತಾ?"

"ಯಾಪಾರ ಎಲ್ಲಿಂದ ಬಂತಪ್ಪ! ಇರೋದು ಒಂದೇ ಗಿರಾಕಿ. ಆವಮ್ಮ ಕಾಸೂ ಕೊಡಲಿಲ್ಲ" ಎಂದಳು ದ್ಯಾವಮ್ಮ, ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ. "ಕೊಸರು ಕೇಳಿದ್ಲು."