ವ್ಯಾಸಿಲೇಟ್ ಅಂದರೆ ನಮ್ಮಕ್ಕ

ಮೂಡಲಪಾಳ್ಯದ ನಮ್ಮ ಮನೆಯಲ್ಲಿ ನಾನು ಸಂಜೆ ಹೈಸ್ಕೂಲು ಹುಡುಗಿಯರಿಗೆ ಇಂಗ್ಲಿಷ್ ಟ್ಯೂಷನ್ ಹೇಳುತ್ತೇನೆ. ಅವತ್ತಿನ ಪಾಠದಲ್ಲಿ 'ವ್ಯಾಸಿಲೇಟ್' ಎಂಬ ಕ್ರಿಯಾಪದ ಬಂತು. ನಿರ್ಧಾರಕ್ಕೆ ಬರಲಾಗದೆ ಮನಸ್ಸು ಅತ್ತ ಇತ್ತ ಹೊಯ್ದಾಡುವುದು ಎಂದೆ. ಸುಮ್ಮನೆ ಯೋಚಿಸುತ್ತ ಕೂತವರಿಗೆ ಈ ಮಾತು ಸಲ್ಲದು. ಇವತ್ತು ಹೂಂ, ನಾಳೆ ಊಹೂಂ, ನಾಳಿದ್ದು ಮತ್ತೆ ಹೂಂ ಅನ್ನಬೇಕು, ಆಗಲೇ ವ್ಯಾಸಿಲೇಟ್. "ಒಂದು ಉದಾಹರಣೆ ಕೊಡಿ ಮಿಸ್" ಎಂದಳು ಒಬ್ಬಳು. ಉದಾಹರಣೆ ಅಡುಗೆಮನೆಯಲ್ಲಿ ಸೊಪ್ಪು ಸೋಸುತ್ತ ಕೂತಿತ್ತು.

ಭಾವ ತೀರಿಕೊಂಡ ಮೇಲೆ ಅಕ್ಕ ನನ್ನ ಜೊತೆಗೇ ಇದ್ದಾಳೆ. ಹೂ ಮುಡಿಯುವುದನ್ನು ಅಂದೇ ಬಿಟ್ಟಳು. ಕಾಮಾಕ್ಷಿಪಾಳ್ಯದ ಗಾರ್ಮೆಂಟ್ಸಿನಲ್ಲಿ ಹೊಲಿಗೆ ಕೆಲಸ. ಅಲ್ಲಿ ಕಟಿಂಗ್ ಮಾಸ್ಟರ್ ಆಗಿದ್ದ ಹುಬ್ಬಳ್ಳಿ ಕಡೆಯವರೊಬ್ಬರು, ಹೆಂಡತಿಯನ್ನು ಕಳೆದುಕೊಂಡವರು, ಮದುವೆಯಾಗೋಣವೇ ಎಂದು ನೇರವಾಗಿ ಕೇಳಿದ್ದರು. ಊರಿನಲ್ಲಿ ಸ್ವಂತ ಟೈಲರ್ ಅಂಗಡಿ ಹಾಕಲು ದೀಪಾವಳಿಗೆ ಹೊರಡುವವರಿದ್ದರು. ಅಷ್ಟರೊಳಗೆ ಉತ್ತರ ಬೇಕಿತ್ತು. ಅಕ್ಕನಿಗೆ ಆತ ಇಷ್ಟ. ಆತ ಕೊಟ್ಟಿದ್ದ ಪೇಡೆಯ ಖಾಲಿ ಡಬ್ಬಿಯನ್ನೂ ಎಸೆಯಲು ಬಿಟ್ಟಿರಲಿಲ್ಲ.

"ಒಪ್ಕೊಂಡ್ಬಿಡು ಅಕ್ಕ."

"ಜನ ಏನಂತಾರೆ ಕಣೇ?"

"ನಿಂಗೆ ಜ್ವರ ಬಂದಾಗ ಜನ ಬಂದು ಗಂಜಿ ಕಾಯಿಸಿಕೊಟ್ರಾ?"

"ಬೇಡ, ಅಮ್ಮನವರನ್ನೇ ಕೇಳ್ತೀನಿ" ಎಂದಳು.

ನಮ್ಮ ಬೀದಿಯ ಅಮ್ಮನವರ ಗುಡಿಯಲ್ಲಿ ಹೂ ಕೇಳುವ ಪದ್ಧತಿ ಇದೆ. ಮನಸ್ಸಿನಲ್ಲಿ ಪ್ರಶ್ನೆ ಇಟ್ಟುಕೊಂಡು ನಿಲ್ಲಬೇಕು. ವಿಗ್ರಹದ ಬಲಗಡೆಯಿಂದ ಹೂ ಬಿದ್ದರೆ ಆಗಲಿ, ಎಡಗಡೆಯಿಂದ ಬಿದ್ದರೆ ಬೇಡ. ಮೊದಲ ಶುಕ್ರವಾರ ಬಲಗಡೆಯೇ ಬಿತ್ತು. ನನಗೆ ಕುಣಿಯುವಷ್ಟು ಖುಷಿ. ಅಕ್ಕ, "ಫ್ಯಾನ್ ಗಾಳಿಗೆ ಬಿತ್ತೇನೋ" ಎನ್ನಬೇಕೇ! ಮುಂದಿನ ವಾರ ಎಡಗಡೆ ಬಿತ್ತು. ಮನೆಗೆ ಬಂದು ಅತ್ತಳು, "ಇನ್ನೊಂದ್ಸಲ ಕೇಳಿದ್ರೆ ತಪ್ಪಾ?" ಅಂದಳು. ಕೇಳಿದರೆ ಮತ್ತೆ ಬಲಗಡೆ. "ಪದೇ ಪದೇ ಕೇಳಿದ್ದಕ್ಕೆ ಅಮ್ಮನವರಿಗೆ ಸಿಟ್ಟು ಬಂದಿರುತ್ತೆ. ಇದು ಲೆಕ್ಕಕ್ಕಿಲ್ಲ." ನನಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಬೈದೆ, ಬೇಡಿಕೊಂಡೆ, ಎರಡು ದಿನ ಮಾತೂ ಬಿಟ್ಟೆ. ಅವಳ ಬದಲು ನಾನು ಹೋಗಿ ಹೂಂ ಅನ್ನಲಾಗುತ್ತದೆಯೇ?

ಊರಿಗೆ ಹೊರಡುವ ಮುಂಚೆ ಆತನೇ ಗುಡಿಗೆ ಬಂದರು. ಅಕ್ಕ ಅಮ್ಮನವರ ಮುಂದೆ ಕಣ್ಣು ಮುಚ್ಚಿ ನಿಂತಿದ್ದಳು.

"ದೇವ್ರನ್ನ ಭಾಳ ಸಲ ಕೇಳಿದ್ರಿ. ಈಗ ನಾ ನಿಮ್ಮನ್ನ ಕೇಳಾಕತ್ತೀನಿ. ಬರ್ತೀರೇನ್ರಿ?"

ಅಕ್ಕ ಅವರನ್ನು ನೋಡಿದಳು, ವಿಗ್ರಹವನ್ನು ನೋಡಿದಳು, ಆಮೇಲೆ ನನ್ನ ಕಡೆ ತಿರುಗಿ, "ಏನ್ ಹೇಳ್ಲೇ?" ಎಂದಳು.

ಆತ ಮೆಲ್ಲಗೆ ನಕ್ಕರು. "ಇರ್ಲಿ ಬಿಡ್ರಿ, ತ್ರಾಸ್ ಮಾಡ್ಕೋಬ್ಯಾಡ್ರಿ" ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟರು. ಅಕ್ಕ ಹೊಸ್ತಿಲವರೆಗೆ ಹೋಗಿ ನಿಂತಳು.

ದೀಪಾವಳಿ ಕಳೆದ ಮೇಲೆ ಒಂದು ಶುಕ್ರವಾರ ಮತ್ತೆ ಗುಡಿಗೆ ಹೋದೆವು. ಕೇಳುವುದು ಏನೂ ಉಳಿದಿರಲಿಲ್ಲ. ಮಂಗಳಾರತಿ ಆಗುತ್ತಿದ್ದಾಗ ಬಲಗಡೆಯಿಂದ ಒಂದು ಸೇವಂತಿಗೆ ಉದುರಿತು. "ಬಲಗಡೆ ಆಯ್ತಮ್ಮ, ಒಳ್ಳೇದಾಗುತ್ತೆ" ಎಂದು ಅರ್ಚಕರು ಅದನ್ನು ಅಕ್ಕನ ಕೈಗೆ ಹಾಕಿದರು. ಅಕ್ಕ ಹೂವನ್ನು ಮುಡಿಯವರೆಗೆ ಎತ್ತಿದಳು, ಇಳಿಸಿದಳು, ಮತ್ತೆ ಎತ್ತಿದಳು. ಕಣ್ಣಲ್ಲಿ ನೀರು ತುಂಬಿತ್ತು.

"ಮುಡ್ಕೊಳ್ಲಾ, ಬೇಡ್ವಾ? ಹೇಳೇ" ಎಂದಳು.