ಅವ್ವನ ಹೆಣ್ಣೊಪ್ಪಿಸುವ ಪದ

ಕೊಟ್ಟೂರಿನ ನಮ್ಮ ಓಣಿಯಲ್ಲಿ ಸೋಬಾನೆ ಹಾಡುವ ಹೆಂಗಸರಿಗೆ ಕೊರತೆಯಿರಲಿಲ್ಲ. ಅರಿಸಿನ ಕುಟ್ಟುವಾಗಿನ ಪದ, ಹಸೆಗೆ ಕರೆಯುವ ಪದ, ಬೀಗರನ್ನು ಹಂಗಿಸುವ ಪದ ಯಾರು ಬೇಕಾದರೂ ಹಾಡುತ್ತಿದ್ದರು. ಆದರೆ ಮದುವೆ ಮುಗಿದು ಮಗಳನ್ನು ಗಂಡನ ಮನೆಯವರ ಕೈಗೆ ಕೊಡುವಾಗ ಹಾಡುವ ಹೆಣ್ಣೊಪ್ಪಿಸುವ ಪದ ಮೊದಲಿಂದ ಕೊನೆಯವರೆಗೆ ಬರುತ್ತಿದ್ದದ್ದು ನಮ್ಮ ಅವ್ವನೊಬ್ಬಳಿಗೇ. ಉದ್ದನೆಯ ಪದ ಅದು. ಹುಟ್ಟಿದ ಮನೆಯ ಹೊಸ್ತಿಲು, ಒಲೆ, ಕೊಟ್ಟಿಗೆಯ ಕರು, ಹೀಗೆ ಒಂದೊಂದೇ ಬಂದು ಹುಡುಗಿಯನ್ನು ಕಳಿಸಿಕೊಡುತ್ತವೆ. ಉಳಿದವರಿಗೆ ಹೊಸ್ತಿಲು, ಒಲೆ ಬರುತ್ತಿದ್ದವು. ಕರುವಿನ ಹತ್ತಿರ ಬಂದಕೂಡಲೇ ಎಲ್ಲರೂ ಅವ್ವನ ಬಾಯಿ ನೋಡುತ್ತಿದ್ದರು.

ನನ್ನ ಮದುವೆಯಲ್ಲೂ ಅವಳೇ ಹಾಡಿದಳಂತೆ. ಅಂತೆ ಎನ್ನುವುದು ಯಾಕೆಂದರೆ, ನಾನು ಗೊಳೋ ಎಂದು ಅಳುತ್ತಿದ್ದೆ, ಒಂದು ನುಡಿಯೂ ಕಿವಿಗೆ ಬೀಳಲಿಲ್ಲ. ನನ್ನನ್ನು ಕೊಟ್ಟಿದ್ದು ಎರಡು ಓಣಿ ಆಚೆಗೆ. ಆ ಅಳುವಿಗೆ ಅರ್ಥವೇ ಇರಲಿಲ್ಲ.

ಆ ಪದಕ್ಕೆ ಎರಡು ಕಟ್ಟುಗಳಿದ್ದವು. ಹೊರಟು ನಿಂತ ಮದುಮಗಳು ಎದುರಿಗಿರಬೇಕು. ಹಾಡುವವಳು ಮುತ್ತೈದೆಯಾಗಿರಬೇಕು. ಒಮ್ಮೆ ಹಗರಿಬೊಮ್ಮನಹಳ್ಳಿಯಲ್ಲಿ ಜಾನಪದ ಉತ್ಸವ ಮಾಡುವವರು ಮನೆಗೆ ಬಂದು, ವೇದಿಕೆಯ ಮೇಲೆ ಹಾಡಬೇಕು, ಶಾಲು ಹೊದಿಸುತ್ತೇವೆ ಎಂದರು. ಅವ್ವ ಕೇಳಿದ್ದು ಒಂದೇ ಮಾತು: "ಹುಡುಗಿ ಎಲ್ಲಿ ಅದಾಳ್ರಿ?" ಕಾಲೇಜಿನ ಹುಡುಗಿಯೊಬ್ಬಳಿಗೆ ಸೀರೆ ಉಡಿಸಿ ಕೂರಿಸುತ್ತೇವೆ ಎಂದು ಅವರು ನಕ್ಕರು. ಅವ್ವ ನಗಲಿಲ್ಲ. "ಯಾರದೋ ಮಗಳನ್ನ ಸುಳ್ಳ ಸುಳ್ಳೇ ಒಪ್ಪಿಸಿಬಿಟ್ಟು, ನಾಳೆ ಆ ಕೂಸಿಗಿ ಏನಾರ ಆದ್ರ ಯಾರು ಹೊಣಿ?" ಎಂದು ಚಹಾ ಕೊಟ್ಟು ಕಳಿಸಿದಳು. ನನಗೆ ಆಗ ಅದು ತಮಾಷೆಯಾಗಿ ಕಂಡಿತ್ತು.

ತೊಂಬತ್ತರ ದಶಕ ಮುಗಿಯುತ್ತ ಬಂದ ಒಂದು ಬೇಸಿಗೆಯಲ್ಲಿ ಅಪ್ಪನ ಕಾಲು, ಮುಖ ಬಾತುಕೊಂಡವು. ದಾವಣಗೆರೆಯ ಡಾಕ್ಟರು ಎರಡೂ ಕಿಡ್ನಿ ಹೋಗಿವೆ, ಮನೆಯಲ್ಲೇ ಚೆನ್ನಾಗಿ ನೋಡಿಕೊಳ್ಳಿ ಎಂದರು. ಹಾಗೆಂದರೆ ಏನೆಂದು ಬಸ್ಸಿನಲ್ಲಿ ಬರುವಾಗ ಮೂವರಿಗೂ ಗೊತ್ತಿತ್ತು. ಅಪ್ಪ ಹೋಗುತ್ತಾನೆ, ಅಪ್ಪ ಹೋದ ಗಳಿಗೆಯಲ್ಲೇ ಅವ್ವನ ಪದವೂ ಹೋಗುತ್ತದೆ. ಒಂದೇ ದಿನ ಎರಡಕ್ಕೂ ಹೇಗೆ ಅಳುವುದು? ನನಗೆ ತಲೆ ಕೆಟ್ಟುಹೋಯಿತು.

ಬರೆದುಕೊಳ್ಳಬಹುದಿತ್ತಲ್ಲ ಎಂದು ಈಗ ಜನ ಕೇಳುತ್ತಾರೆ. ಕೇಳುವವರಿಗೇನು, ಕೇಳುತ್ತಾರೆ. ಅವ್ವನಿಗೆ ರಾಗ ಹಿಡಿಯದೆ ಒಂದು ನುಡಿಯೂ ಬಾಯಿಗೆ ಬರುತ್ತಿರಲಿಲ್ಲ, ರಾಗ ಹಿಡಿದರೆ ಹಾಡಿದಂತೆಯೇ ಲೆಕ್ಕ. ಬಸ್ ನಿಲ್ದಾಣದ ಹತ್ತಿರ ರೇಡಿಯೋ ರಿಪೇರಿ ಮಾಡುತ್ತಿದ್ದ ಚಾಚಾನ ಅಂಗಡಿಗೆ ಹೋಗಿ ಟೇಪ್ ರೆಕಾರ್ಡರ್ ಕೇಳಿದೆ. ಅವನು ಹೊಸ ಸೆಲ್ ಹಾಕಿ, ತನ್ನದೇ ಕೆಮ್ಮನ್ನು ಹಿಡಿದು ನನಗೆ ಕೇಳಿಸಿ, "ತಗೋ ಬೇಟಿ. ಕೆಂಪು ಗುಂಡಿ ಒತ್ತೋದು ಮರೀಬ್ಯಾಡ," ಎಂದ.

ಅವ್ವ ಅಡಿಗೆಮನೆಯಲ್ಲಿ ಅಪ್ಪನಿಗೆ ಉಪ್ಪಿಲ್ಲದ ಗಂಜಿ ತಿರುವುತ್ತಿದ್ದಳು.

"ಸುಮ್ಮನ ಒಮ್ಮಿ ಹಾಡವ್ವಾ. ಮದುಮಗಳಾಗಿ ನಾನ ಕುಂದ್ರತೀನಿ," ಎಂದೆ.

"ನಿನ್ನ ಒಮ್ಮಿ ಕೊಟ್ಟಾಗೈತಿ. ಮತ್ತೊಮ್ಮಿ ಕೊಡಾಕ ನಿನ್ನ ಗಂಡ ಏನಾಗ್ಯಾನ?"

"ಹಂಗಾದ್ರ ಯಾವಾಗ ಹಾಡ್ತಿ? ಇನ್ನೆಷ್ಟು ದಿನ ಉಳದಾವ?"

ಅವಳ ಕೈ ನಿಂತಿತು. "ನಾ ಈಗ ಹಾಡಿದ್ರ, ಅವರು ಹೋಗ್ತಾರ ಅಂತ ನಾನ ಒಪ್ಪಿಕೊಂಡಂಗ ಆಗ್ತೈತಿ. ಆ ಪೆಟಿಗಿ ತಗೊಂಡು ಹೊರಗ ನಡಿ," ಎಂದಳು.

ಅವಳು ಹೇಳಿದ್ದು ಸರಿ ಎನ್ನಿಸಿ ಇನ್ನಷ್ಟು ಸಿಟ್ಟು ಬಂತು.

ಹಾಗಾದರೆ ನಿಜವಾದ ಮದುವೆಯೇ ಬೇಕು. ನಾನು ಬಟ್ಟೆ ಹೊಲಿಯುವವಳು. ಯಾರ ಮನೆಯಲ್ಲಿ ಯಾವಾಗ ಮದುವೆ ಎಂಬುದು ಮದುಮಗಳ ಜಾಕೀಟಿನ ಅಳತೆಯ ಜೊತೆಗೇ ನನಗೆ ತಿಳಿಯುತ್ತಿತ್ತು. ಅಪ್ಪನನ್ನು ನನ್ನ ಗಂಡನ ಕೈಗೆ ಒಪ್ಪಿಸಿ, ಗೋಗರೆದು ಅವ್ವನನ್ನು ಹಡಗಲಿಗೆ ಕರೆದೊಯ್ದೆ. ಅಲ್ಲಿ ಬೀಗರು ಹೊತ್ತಿಗೆ ಮುಂಚೆಯೇ ವ್ಯಾನು ತಂದು, ಹುಡುಗಿಯನ್ನು ಹತ್ತಿಸಿಕೊಂಡು ಹೋಗೇಬಿಟ್ಟರು. ಹರಪನಹಳ್ಳಿಯ ಕಲ್ಯಾಣ ಮಂಟಪದಲ್ಲಿ ಅವ್ವ ಹೊಸ್ತಿಲಿನ ನುಡಿ ಎತ್ತಿದಳು, ನಾನು ಕೆಂಪು ಗುಂಡಿ ಒತ್ತಿದೆ. ಅಷ್ಟರಲ್ಲಿ ಬ್ಯಾಂಡಿನವರು ಸಿನಿಮಾ ಹಾಡು ಶುರು ಮಾಡಿದರು. ಮಂಟಪದ ಮ್ಯಾನೇಜರು, ಮುಂದಿನ ಪಾರ್ಟಿ ಬಂದೈತಿ, ಹಾಲ್ ಖಾಲಿ ಮಾಡ್ರಿ ಎಂದ. ಅವನ ಜೊತೆ ನಾನು ಜಗಳಕ್ಕೇ ನಿಂತೆ. ಅವ್ವ ನನ್ನ ತೋಳು ಹಿಡಿದು ಎಳೆದುಕೊಂಡು ಬಂದಳು. ಅಲ್ಲಿಗೆ ಲಗ್ನದ ದಿನಗಳು ಮುಗಿದವು. ಇನ್ನು ಆಷಾಢ.

ಇದನ್ನೆಲ್ಲ ಮಂಚದ ಮೇಲಿಂದ ಕೇಳಿಸಿಕೊಂಡ ಅಪ್ಪ ನನ್ನನ್ನು ಕರೆದ. "ಶ್ರಾವಣದಾಗ ಬಾಜೂ ಮನಿ ಹುಡುಗಿ ಮದುವಿ ಐತಲ್ಲ. ಅಲ್ಲಿತನಕ ಇರ್ತೀನಿ ತಗೋ. ಅಕಿನ್ನ ಕಳಸಾಗ ನಿಮ್ಮವ್ವ ಹಾಡಲಿ," ಎಂದ. ಊರಿಗೆ ಹೋಗಿಬರುವ ಮಾತಿನ ಧಾಟಿಯಲ್ಲೇ ಹೇಳಿದ.

ಮಂಡಕ್ಕಿ ಮೆಣಸಿನಕಾಯಿ ಇಲ್ಲದೆ ಸಂಜೆ ಕಳೆಯದಿದ್ದ ಮನುಷ್ಯ ಆಮೇಲೆ ಆ ಸಪ್ಪೆ ಗಂಜಿಯನ್ನು ತಕರಾರಿಲ್ಲದೆ ಕುಡಿದ. ವಾಂತಿಯಾದರೆ ಬಾಯಿ ತೊಳೆದುಕೊಂಡು ಮತ್ತೆ ಕೇಳಿ ಕುಡಿದ. ಉಸಿರು ಸಿಗದೆ ಒದ್ದಾಡುವಾಗಲೂ, "ಹಂದರ ಹಾಕಿದ್ರೇನು?" ಎನ್ನುತ್ತಿದ್ದ. ನಾನು ದೇವರನ್ನು ಬೇಡಿಕೊಳ್ಳುತ್ತಿದ್ದೆ. ಅಪ್ಪನಿಗಾಗಿಯೋ ಪದಕ್ಕಾಗಿಯೋ ಎಂದು ಕೇಳಿದ್ದರೆ ಉತ್ತರ ಹೇಳಲಾರದೆ ಹೋಗುತ್ತಿದ್ದೆ.

ಶ್ರಾವಣ ಹುಟ್ಟಿತು. ಪಕ್ಕದ ಮನೆಯವರು ಹಂದರದ ಗಳ ತಂದು ಇಳಿಸಿದ ದಿನ ಅಪ್ಪ ಗೋಡೆ ಹಿಡಿದು ಎದ್ದು ಕುಳಿತು, ಕಿಟಕಿಯಿಂದ ನೋಡಿದ. "ಬಂದ್ವು ನೋಡು," ಎಂದ. ಮಾರನೆಯ ಮಧ್ಯಾಹ್ನ ತೀರಿಕೊಂಡ.

ಮಣ್ಣು ಮಾಡಿ ಬಂದ ಮೇಲೆ ಪಕ್ಕದ ಮನೆಯಾಕೆ ಬಂದು, "ಮದುವಿ ಮುಂದಕ ಹಾಕ್ತೀವಿ ಅಕ್ಕಾ," ಎಂದಳು. ಬೇಡ, ಅಪ್ಪನೂ ಅದಕ್ಕೇ ಕಾದಿದ್ದ ಎಂದಳು ಅವ್ವ. ನಾನು ಮಧ್ಯೆ ಬಾಯಿ ಹಾಕಿದೆ: "ಹಂಗಾದ್ರ ನಮ್ಮವ್ವ ಬಂದು ಹಾಡಲಿ." ಆಕೆ ತಲೆ ತಗ್ಗಿಸಿದಳು. ಅವಳನ್ನು ಏನೂ ಅನ್ನುವಂತಿರಲಿಲ್ಲ. ಬೇಡವೆಂದದ್ದು ಅವ್ವನೇ: "ಆ ಕೂಸಿನ ಮ್ಯಾಲೆ ನನ್ನ ನೆಳ್ಳು ಬೀಳೋದು ಬ್ಯಾಡ." ಇಡೀ ಊರಿನ ಹೆಣ್ಣುಮಕ್ಕಳನ್ನು ಹಾಡಿ ಕಳಿಸಿಕೊಟ್ಟವಳ ನೆರಳು ನಿನ್ನೆಯಿಂದ ಇವತ್ತಿಗೆ ಕೆಟ್ಟದ್ದಾಯಿತೇ ಎಂದು ಕೂಗಾಡಿದೆ. ಅವ್ವ ಬರಿಗೈಯನ್ನು ಸೆರಗಿನೊಳಗೆ ಇಟ್ಟುಕೊಂಡು ಕುಳಿತಿದ್ದಳು.

ಹುಡುಗಿ ಹೊರಡುವ ಹೊತ್ತಿಗೆ ನಮ್ಮ ಮನೆಯ ಬಾಗಿಲು ಮುಚ್ಚಿತ್ತು. ಅವ್ವ ಅದರ ಹಿಂದೆಯೇ ನೆಲದ ಮೇಲೆ ಕುಳಿತಿದ್ದಳು, ನಾನು ಪಕ್ಕದಲ್ಲಿದ್ದೆ. ಹೊರಗೆ ಹೆಂಗಸರು ಹೊಸ್ತಿಲಿನ ನುಡಿ ಹಾಡಿದರು, ಒಲೆಯದು ಹಾಡಿದರು. ಕರುವಿನ ಹತ್ತಿರ ಬಂದು ನಿಂತರು. "ಮುಂದ ಏನೈತಿ?" ಎಂದು ಯಾರೋ ಕೇಳಿದ್ದು ಬಾಗಿಲಿನ ಈಚೆಗೂ ಕೇಳಿಸಿತು.

ತಿರುಗಿ ನೋಡಿದರೆ ಅವ್ವನ ತುಟಿಗಳು ಅಲ್ಲಾಡುತ್ತಿದ್ದವು. ಕಣ್ಣು ಮುಚ್ಚಿ, ಮೊಣಕಾಲಿನ ಮೇಲೆ ಬೆರಳಲ್ಲಿ ತಾಳ ಹಾಕುತ್ತ, ಕರುವಿನಿಂದ ಮುಂದಕ್ಕೆ ಹೋಗುತ್ತಿದ್ದಳು. ನಾನು ಟೇಪ್ ರೆಕಾರ್ಡರನ್ನು ಅವಳ ಬಾಯಿಗೆ ತಾಗುವಷ್ಟು ಹತ್ತಿರ ಹಿಡಿದು ಕೆಂಪು ಗುಂಡಿ ಒತ್ತಿದೆ. ಕಿವಿ ಕೊಟ್ಟೆ. ಬರೀ ಉಸಿರು. ಹೊರಗೆ ಹುಡುಗಿಯ ಅಳು ಜೋರಾಯಿತು, ವ್ಯಾನು ಶುರುವಾಗಿ ಹೊರಟೂ ಹೋಯಿತು. ಅವ್ವ ನಿಲ್ಲಿಸಲಿಲ್ಲ. ಪದ ಪೂರ್ತಿ ಮುಗಿಸಿ ಕಣ್ಣು ತೆರೆದಳು. ಅವಳ ಮುಖದಲ್ಲಿ ಗಾಬರಿಯಿತ್ತು.

"ಹೊರಗ ಕೇಳಿಸ್ತೇನು?"

"ಇಲ್ಲವ್ವಾ. ನನಗೂ ಕೇಳಿಸಲಿಲ್ಲ."

"ಸದ್ಯ," ಎಂದು ಅವ್ವ ಸೆರಗಿನಿಂದ ಬಾಯಿ ಒರೆಸಿಕೊಂಡಳು.