ಇಪ್ಪತ್ತನೆಯ ಸಾಲಿನ ಸೊನ್ನೆ

ಇಪ್ಪತ್ತನೆಯ ಸಾಲಿನ ಸೊನ್ನೆಯ ಮೇಲೆ ಕೆಂಪು ಶಾಯಿಯ ಗೀಟು ಇತ್ತು. ಹಾಳೆಯ ಹಿಂಬದಿಯಲ್ಲೂ ಬೆರಳಿಗೆ ತಾಗುವಷ್ಟು ಒತ್ತಿ ಎಳೆದದ್ದು.

ನೋಟ್‌ಬುಕ್ ನನ್ನ ಸೋದರತ್ತೆಯದು. ಗುಬ್ಬಿಯಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು. ಹಳೆಯ ಮನೆಬಳಕೆಯ ಕಂಪ್ಯೂಟರುಗಳಲ್ಲಿ ಬೇಸಿಕ್ ಎಂಬ ಪ್ರೋಗ್ರಾಮಿಂಗ್ ಭಾಷೆ ಹೇಗೆ ಒಂದೊಂದರಲ್ಲಿ ಒಂದೊಂದು ಥರ ಇತ್ತು ಎಂದು ನಾನು ಕಾಲೇಜಿನ ಸೆಮಿನಾರಿಗೆ ಬರೆಯುತ್ತಿದ್ದೆ. ಆ ಯಂತ್ರಗಳಂತೆಯೇ ನಡೆದುಕೊಳ್ಳುವ ತಂತ್ರಾಂಶ ನನ್ನ ಲ್ಯಾಪ್‌ಟಾಪಿನಲ್ಲಿತ್ತು. ಆ ಕಾಲದಲ್ಲೇ ಬರೆದ ಒಂದು ಪ್ರೋಗ್ರಾಮ್ ಬೇಕಿತ್ತು.

"ಅದ್ರಲ್ಲಿ ತಪ್ಪಿದೆ ಕಣೇ. ಬೇರೆ ಯಾವ್ದಾದ್ರೂ ನೋಡ್ಕೋ" ಎಂದರು ಅತ್ತೆ.

ಆ ಕಥೆ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಶಾಲೆಗೆ ಮೊದಲ ಕಂಪ್ಯೂಟರ್ ಬಂದಾಗ ತರಬೇತಿಗೆ ಹೋದವರು ಅತ್ತೆ. ಸಾಲಾಗಿ ಇಡುವ ಸಂಖ್ಯೆಗಳಿಗೆ ಯಂತ್ರದೊಳಗೆ ಮನೆಗಳಿರುತ್ತವೆ, ಮೊದಲ ಮನೆಯ ನಂಬರು ಸೊನ್ನೆ ಎಂದು ಅಲ್ಲಿ ಹೇಳಿಕೊಟ್ಟಾಗ ಉಳಿದ ಮೇಷ್ಟ್ರುಗಳು ನಕ್ಕರಂತೆ. ಅತ್ತೆ ನಗಲಿಲ್ಲ. ಕೋರ ಎಂಬ ಹಳ್ಳಿಯ ನಮ್ಮ ಮನೆಯಲ್ಲಿ ನನ್ನ ಅಜ್ಜಿ ರಾಗಿ ಅಳೆಯುವಾಗ ಮೊದಲ ಸೇರಿಗೆ ಒಂದು ಎನ್ನದೆ 'ಲಾಭ' ಎನ್ನುತ್ತಿದ್ದರು. ಆಮೇಲೆ ಎರಡು, ಮೂರು. "ಒಂದು ಅನ್ನದೇ ಶುರು ಮಾಡೋದು ನಮಗೇನು ಹೊಸದಾ?" ಎನ್ನುತ್ತಿದ್ದರು ಅತ್ತೆ. ಆರು ಮಕ್ಕಳ ಅಂಕಗಳನ್ನು ಸೊನ್ನೆಯಿಂದ ಐದರವರೆಗಿನ ಮನೆಗಳಲ್ಲಿಟ್ಟು ಸರಾಸರಿ ತೆಗೆಯುವ ಪ್ರೋಗ್ರಾಮ್ ಬರೆದರು.

ಪೋಷಕರಿಗೆ ತೋರಿಸುವ ದಿನ ಶಾಲೆಯ ಯಂತ್ರ ಕೆಟ್ಟಿತು. ವಿಜ್ಞಾನದ ಮೇಷ್ಟ್ರು ತಮ್ಮ ನೆಂಟರ ಮನೆಯಿಂದ ರಬ್ಬರ್ ಕೀಲಿಗಳ ಪುಟ್ಟ ಯಂತ್ರ ತಂದು, ತಾವೇ ಟೈಪ್ ಮಾಡಿಕೊಟ್ಟರು. ಮೊದಲ ಹುಡುಗನ ಅಂಕಕ್ಕೇ ಅದು ತಪ್ಪು ಎಂದು ತೋರಿಸಿ ನಿಂತಿತು.

"ಏನ್ ಮೇಡಂ, ಸೊನ್ನೇನೂ ಒಬ್ಬ ಹುಡುಗ ಅಂತ ಎಣಿಸ್ಬಿಟ್ರಾ?" ಎಂದರು ಮೇಷ್ಟ್ರು.

ಇಡೀ ಕೋಣೆ ನಕ್ಕಿತು. ಅಂದಿನಿಂದ ಅತ್ತೆ 'ಸೊನ್ನೆ ಮೇಡಂ'. ನೋಟ್‌ಬುಕ್ಕಿನ ಸೊನ್ನೆಯ ಮೇಲೆ ಕೆಂಪು ಗೀಟೆಳೆದು, ಕಂಪ್ಯೂಟರ್ ಕೋಣೆಯ ಬೀಗದಕೈಯನ್ನು ತಾವಾಗಿಯೇ ಹಿಂದಿರುಗಿಸಿದರು. ಮತ್ತೆ ಆ ಕಡೆ ಹೋಗಲಿಲ್ಲ.

ಅವರ ಎದುರಿಗೇ ಕೂತು ನಾನು ಆ ಎರಡೂ ಯಂತ್ರಗಳ ತಂತ್ರಾಂಶದಲ್ಲಿ ಪ್ರೋಗ್ರಾಮನ್ನು ಟೈಪ್ ಮಾಡಿದೆ. ಶಾಲೆಯ ಯಂತ್ರದ ಬೇಸಿಕ್‌ನಲ್ಲಿ ಐದು ಎಂದು ಕೇಳಿದರೆ ಸೊನ್ನೆಯೂ ಸೇರಿ ಆರು ಮನೆ ಸಿಗುತ್ತವೆ. ಪುಟ್ಟದರಲ್ಲಿ ಒಂದರಿಂದ ಐದು ಮಾತ್ರ. ಸೊನ್ನೆಯ ಮನೆಯೇ ಇಲ್ಲ. ಇನ್ನೊಂದು ವ್ಯತ್ಯಾಸ, ಬೆಲೆ ಕೊಡುವ ಪ್ರತಿ ಸಾಲಿನ ಮೊದಲೂ ಪುಟ್ಟದಕ್ಕೆ 'ಲೆಟ್' ಎಂಬ ಪದ ಬೇಕು, ಶಾಲೆಯದಕ್ಕೆ ಬೇಡ. ನೋಟ್‌ಬುಕ್ಕಿನಲ್ಲಿ ಆ ಲೆಟ್‌ಗಳನ್ನು ಯಾರೋ ಪೆನ್ಸಿಲಿನಲ್ಲಿ ಸೇರಿಸಿದ್ದರು.

"ಅದು ಮೇಷ್ಟ್ರ ಅಕ್ಷರ" ಎಂದರು ಅತ್ತೆ.

ಅಷ್ಟು ಎಚ್ಚರದಿಂದ ತಿದ್ದಿದವರಿಗೂ ಸೊನ್ನೆಯ ವಿಷಯ ಹೊಳೆದಿರಲಿಲ್ಲ.

"ಅಂದ್ರೆ ನಂದು ತಪ್ಪಿಲ್ವಾ?"

"ಇಲ್ಲ ಅತ್ತೆ. ಆ ಮಿಷನ್ನಿಗೆ ಸೊನ್ನೆ ಗೊತ್ತಿರ್ಲಿಲ್ಲ, ಅಷ್ಟೆ."

ಅವರು ಲ್ಯಾಪ್‌ಟಾಪನ್ನು ತಮ್ಮ ಕಡೆ ಎಳೆದುಕೊಂಡು, ಒಂದೇ ಬೆರಳಿನಲ್ಲಿ ಆರು ಅಂಕ ಒತ್ತಿದರು. ಸರಾಸರಿ ಬಂತು. ಬೇರೆ ಆರು ಒತ್ತಿದರು. ಮತ್ತೆ ಬಂತು.

"ಮೊನ್ನೆ ಮದುವೆ ಮನೇಲೂ ಮೇಷ್ಟ್ರು ಸೊನ್ನೆ ಮೇಡಂ ಅಂತ್ಲೇ ಕರೆದ್ರು. ನಾನೂ ನಕ್ಕುಬಿಟ್ಟೆ" ಎಂದರು. ಆಮೇಲೆ ನೋಟ್‌ಬುಕ್ ಮುಚ್ಚಿ ನನ್ನ ಕೈಗಿಟ್ಟು, "ಅವ್ರಿಗೂ ಗೊತ್ತಿರ್ಲಿಲ್ಲ, ಬಿಡು."

ನಾನು ಕರೆಯದ ಮನೆಗೆ ಹೋಗುವವಳಲ್ಲ. ಆದರೂ ಮರುದಿನ ಬೆಳಿಗ್ಗೆ ಗುಬ್ಬಿಯಿಂದ ತುಮಕೂರಿಗೆ ಬಂದಿಳಿದು, ನೇರ ಮನೆಗೆ ಹೋಗದೆ ಮೇಷ್ಟ್ರು ಈಗ ನೆಲೆಸಿರುವ ಶೆಟ್ಟಿಹಳ್ಳಿಗೆ ಆಟೋ ಹಿಡಿದೆ. ಅವರ ಮನೆಯ ಗೇಟು ತೆಗೆದು, ಬಾಗಿಲ ಬೆಲ್ ಒತ್ತಿ, ಅವರು ಬರುವಷ್ಟರಲ್ಲಿ ಚೀಲದಿಂದ ನೋಟ್‌ಬುಕ್ ತೆಗೆದು ಪೆನ್ಸಿಲಿನ ಅಕ್ಷರಗಳಿದ್ದ ಪುಟ ಬಿಡಿಸಿಟ್ಟುಕೊಂಡೆ.